ನುಂಗುವುದನ್ನು ಕಲಿಯುವ ಮಕ್ಕಳು

(ಸಂಘದ ವೈದ್ಯಕೀಯ ನೆರವು ನಿಧಿಗಾಗಿ ಪಟ್ಟಂನಲ್ಲಿ ಸೇರಿದ್ದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ನನ್ನ ವೃತ್ತಿಯ ಬಗ್ಗೆ ಮಾತನಾಡಿ ಎಂದು ಸಮಿತಿಯವರು ಕೇಳಿದಾಗ ಒಪ್ಪಿಕೊಂಡೆ. ನನ್ನ ವೃತ್ತಿಯ ಕಥೆಗೂ ಈ ನಿಧಿಗೂ ನೇರ ಸಂಬಂಧವಿದೆ ಎಂಬುದೇ ಅದಕ್ಕೆ ಕಾರಣ. ನಾನು ಸ್ಪೀಚ್ ಥೆರಪಿಸ್ಟ್. ಈ ಮಾತು ಕೇಳಿದ ಕೂಡಲೇ ಎಲ್ಲರೂ ಕೇಳುವುದು ಒಂದೇ: "ಮಾತು ಬಾರದ ಮಕ್ಕಳಿಗೆ ಮಾತು ಕಲಿಸುವವರು ಅಲ್ಲವೇ?" ಹೌದು, ಅದೂ ನಮ್ಮ ಕೆಲಸವೇ. ಆದರೆ ನನ್ನ ದುಡಿಮೆಯ ಹೆಚ್ಚು ಪಾಲು ಕಳೆದದ್ದು ಮಾತಿಗೂ ಮುಂಚಿನ ಒಂದು ಕೆಲಸದಲ್ಲಿ. ಹಾಲು ಕುಡಿಯಲಾರದ, ತುತ್ತು ಅಗಿಯಲಾರದ, ನುಂಗಲಾರದ ಮಕ್ಕಳ ಜೊತೆ. ಮಾತಿಗೆ ಬೇಕಾದ ತುಟಿ, ನಾಲಿಗೆ, ಅಂಗುಳ, ಗಂಟಲು ಇವೇ ಊಟಕ್ಕೂ ಬೇಕು. ಅದರಿಂದಲೇ ಈ ಕೆಲಸ ನಮ್ಮ ಪಾಲಿಗೆ ಬಂದಿದೆ.

ನಾನು ಓದಿದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ. ಅದು 1965ರಲ್ಲಿ ಆರಂಭವಾದದ್ದು. ಅಲ್ಲಿ ನಿರ್ದೇಶಕರಾಗಿದ್ದ ಡಾ. ನ. ರತ್ನ ಅವರನ್ನು ನಿಮ್ಮಲ್ಲಿ ಹಲವರು ಕನ್ನಡದ ನಾಟಕಕಾರರೆಂದೇ ಬಲ್ಲಿರಿ. ನಾವು ಓದುವಾಗ ಪಾಠವೆಲ್ಲ ಕಿವುಡು, ಉಗ್ಗು, ಪಾರ್ಶ್ವವಾಯು ಬಡಿದವರ ಮಾತು, ಇವುಗಳ ಸುತ್ತಲೇ ಇತ್ತು. ನುಂಗುವ ತೊಂದರೆ ಎಂಬುದು ಜಗತ್ತಿಗೇ ಹೊಸ ವಿಷಯವಾಗಿತ್ತು. ಅಮೆರಿಕದ ಜೆರಿ ಲೋಗ್‌ಮನ್ ಎಂಬ ವಿದುಷಿ ಇದರ ಪರೀಕ್ಷೆ ಮತ್ತು ಚಿಕಿತ್ಸೆಯ ಬಗ್ಗೆ ಪುಸ್ತಕ ಪ್ರಕಟಿಸಿದ್ದು 1983ರಲ್ಲಿ. ಬೇರಿಯಂ ಬೆರೆಸಿದ ಆಹಾರ ಕೊಟ್ಟು, ಅದು ಗಂಟಲಲ್ಲಿ ಇಳಿಯುವುದನ್ನು ಎಕ್ಸ್-ರೇ ವಿಡಿಯೋದಲ್ಲಿ ನೋಡುವ ಕ್ರಮ ಅವರಿಂದ ಎಲ್ಲ ಕಡೆ ಹರಡಿತು.

ಮದುವೆಯಾಗಿ ನಾನು ಈ ಊರಿಗೆ ಬಂದಾಗ ಇಲ್ಲಿಯ ಮೆಡಿಕಲ್ ಕಾಲೇಜಿನ ಆವರಣದಲ್ಲಿ ಮಕ್ಕಳ ಬೆಳವಣಿಗೆಯ ಕೇಂದ್ರ ಆಗಲೇ ಇತ್ತು. ಡಾ. ಎಂ.ಕೆ.ಸಿ. ನಾಯರ್ ಅವರು 1987ರಲ್ಲಿ ಕಟ್ಟಿದ್ದು ಅದು. ಆಕ್ಕುಳಂನಲ್ಲಿರುವ ನಿಶ್, ಅಂದರೆ ವಾಕ್ ಶ್ರವಣದ ರಾಷ್ಟ್ರೀಯ ಸಂಸ್ಥೆ, 1997ರಲ್ಲಿ ಶುರುವಾಯಿತು. ಅದೇ ಕಾಲಕ್ಕೆ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ಐಸಿಯು ಹೆಚ್ಚಿದವು. ಮೊದಲಾಗಿದ್ದರೆ ಉಳಿಯದಿದ್ದ ಕೂಸುಗಳು ಉಳಿದವು. ಒಂದು ಕಿಲೋ, ಒಂದೂಕಾಲು ಕಿಲೋ ತೂಕದ ಕೂಸುಗಳು. ಜೀವ ಉಳಿಯಿತು, ಆದರೆ ಹಾಲು ಚೀಪಲು ಬರುವುದಿಲ್ಲ. ಆಗ ಮಕ್ಕಳ ವೈದ್ಯರು ನಮ್ಮನ್ನು ಕರೆಯತೊಡಗಿದರು. ಕೊಚ್ಚಿಯಲ್ಲಿ ಆರು ವರ್ಷ, ಉಳಿದದ್ದೆಲ್ಲ ತಿರುವನಂತಪುರದಲ್ಲಿ. ಹೀಗೆ ನನ್ನ ಕೆಲಸ ನಡೆಯಿತು.

ನುಂಗುವುದೆಂದರೆ ಏನು ಎಂದು ಸ್ವಲ್ಪ ಹೇಳಬೇಕು. ಗರ್ಭದಲ್ಲಿರುವಾಗಲೇ, ನಾಲ್ಕನೇ ತಿಂಗಳ ಹೊತ್ತಿಗೆ ಕೂಸು ಸುತ್ತಲಿನ ನೀರನ್ನು ನುಂಗುತ್ತಿರುತ್ತದೆ. ಆದರೆ ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಂಡು ಮಾಡುವ ಶಕ್ತಿ ಬರುವುದು ಸುಮಾರು 34 ವಾರ ತುಂಬಿದ ಮೇಲೆ. ಅದಕ್ಕಿಂತ ಮುಂಚೆ ಹುಟ್ಟಿದ ಕೂಸಿಗೆ ಟ್ಯೂಬಿನಲ್ಲೋ ಒಳಲೆಯಲ್ಲೋ ಹಾಲು ಕೊಡಬೇಕಾಗುವುದು ಇದಕ್ಕಾಗಿಯೇ. ನಮ್ಮ ಗಂಟಲಿನಲ್ಲಿ ಉಸಿರಿನ ದಾರಿಯೂ ಅನ್ನದ ದಾರಿಯೂ ಒಂದು ಕಡೆ ಸೇರಿ ಮತ್ತೆ ಬೇರೆಯಾಗುತ್ತವೆ. ಪ್ರತಿ ಸಲ ನುಂಗುವಾಗಲೂ ಉಸಿರು ಕ್ಷಣಕಾಲ ನಿಲ್ಲಬೇಕು, ಶ್ವಾಸನಾಳದ ಬಾಯಿ ಮುಚ್ಚಬೇಕು, ಅನ್ನನಾಳದ ಬಾಯಿ ತೆರೆಯಬೇಕು. ಗಂಟಲಿನ ಈ ಕೆಲಸವೆಲ್ಲ ಸುಮಾರು ಒಂದು ಸೆಕೆಂಡಿನಲ್ಲಿ ಮುಗಿಯುತ್ತದೆ.

ಊಟ ಮಾಡುವಾಗ ತಪ್ಪು ದಾರಿಗೆ ಹೋದರೆ ನಾವು "ನೆತ್ತಿಗೆ ಹತ್ತಿತು" ಅನ್ನುತ್ತೇವೆ. ಮಲಯಾಳಿಗಳೂ "ನೆರುಕಯಿಲ್ ಕಯರಿ" ಅನ್ನುತ್ತಾರೆ. ಎರಡೂ ಕಡೆ ತಲೆ ತಟ್ಟಿ, ಯಾರೋ ನೆನೆಸಿಕೊಂಡರು ಎಂದು ನಗುತ್ತೇವೆ. ನಿಜವಾಗಿ ಅದು ನೆತ್ತಿಗೆ ಹೋಗಿರುವುದಿಲ್ಲ, ಶ್ವಾಸಕೋಶದ ಕಡೆಗೆ ಇಳಿಯಲು ಹೊರಟಿರುತ್ತದೆ. ಗಟ್ಟಿಮುಟ್ಟಾದವರು ಕೆಮ್ಮಿ ಹೊರಗೆ ಹಾಕುತ್ತಾರೆ. ಕೆಮ್ಮುವ ಬಲವಿಲ್ಲದ ಮಗುವಿಗೆ ದಿನಕ್ಕೆ ಹತ್ತು ಸಲ ಹೀಗೇ ಆದರೆ ಗತಿ ಏನು? ಎದೆಯಲ್ಲಿ ಕಫ, ಜ್ವರ, ನ್ಯುಮೋನಿಯಾ. ವಾಸಿಯಾಗಿ ಮನೆಗೆ ಹೋದರೆ ಮುಂದಿನ ತಿಂಗಳು ಮತ್ತೆ ಅದೇ. ಕೆಲವು ಮಕ್ಕಳು ಕೆಮ್ಮುವುದೂ ಇಲ್ಲ. ಆಹಾರ ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿಯುತ್ತಿರುತ್ತದೆ. ಅಪಾಯ ಹೆಚ್ಚು ಅಂಥವರಲ್ಲೇ.

ಯಾವ ಮಕ್ಕಳಿಗೆ ಹೀಗಾಗುತ್ತದೆ? ದಿನ ತುಂಬುವ ಮೊದಲು ಹುಟ್ಟಿದವರಿಗೆ. ಸೆರೆಬ್ರಲ್ ಪಾಲ್ಸಿ ಇರುವವರಿಗೆ. ಅಂಗುಳ ಸೀಳಿರುವ ಕೂಸುಗಳಿಗೆ; ಅವರು ಚೀಪಿದ ಹಾಲು ಮೂಗಿನಲ್ಲಿ ಬರುತ್ತದೆ. ಹುಟ್ಟಿನಿಂದ ಹೃದಯದ ತೊಂದರೆ ಇರುವವರಿಗೆ. ಅವರಿಗೆ ಹಾಲು ಕುಡಿಯುವುದೇ ಬೆಟ್ಟ ಹತ್ತಿದ ಹಾಗೆ, ನಾಲ್ಕು ಗುಟುಕಿಗೆ ಬೆವರಿ ಸುಸ್ತಾಗುತ್ತಾರೆ. ಕೆಲವು ಹೃದಯ ಶಸ್ತ್ರಚಿಕಿತ್ಸೆಗಳಲ್ಲಿ ಧ್ವನಿತಂತುವಿಗೆ ಹೋಗುವ ನರಕ್ಕೆ ಪೆಟ್ಟಾಗುವ ಸಂಭವವಿದೆ. ಆ ನರ ಹೃದಯದ ಪಕ್ಕದಲ್ಲೇ ಸುತ್ತಿಕೊಂಡು ಬರುವುದರಿಂದ ಹೀಗಾಗುತ್ತದೆ. ಹೃದಯ ಸರಿಯಾಯಿತು, ಆದರೆ ನುಂಗುವಾಗ ಶ್ವಾಸನಾಳದ ಬಾಗಿಲು ಪೂರ್ತಿ ಮುಚ್ಚುತ್ತಿಲ್ಲ ಎಂಬ ಪರಿಸ್ಥಿತಿ ಬರುತ್ತದೆ.

ಇಂಥ ಮಗುವಿನ ಮನೆಯಲ್ಲಿ ಮೊದಲ ಆರೋಪಿ ತಾಯಿ. "ನಿನಗೆ ತಿನ್ನಿಸಲು ಬರುವುದಿಲ್ಲ." "ನಾವು ಐದು ಜನರನ್ನು ಸಾಕಲಿಲ್ಲವೇ?" "ಮುದ್ದು ಮಾಡಿ ಹಠ ಕಲಿಸಿದ್ದೀಯ." ದೃಷ್ಟಿ ತೆಗೆಯುತ್ತಾರೆ, ತಾಯತ ಕಟ್ಟಿಸುತ್ತಾರೆ; ಅದರಿಂದ ಕೇಡಿಲ್ಲ. ಆದರೆ ಕಾಲ ಮೇಲೆ ಅಂಗಾತ ಮಲಗಿಸಿ, ಮೂಗು ಹಿಡಿದು, ಬಾಯಿ ತೆರೆದಾಗ ರಾಗಿ ಸರಿಯನ್ನೋ ಹರಳೆಣ್ಣೆಯನ್ನೋ ಹುಯ್ಯುವುದಿದೆಯಲ್ಲ, ಅದರಿಂದ ಪ್ರಾಣಕ್ಕೇ ಅಪಾಯ. ಎಣ್ಣೆ ಶ್ವಾಸಕೋಶಕ್ಕೆ ಹೋದರೆ ಅಲ್ಲೇ ಕೂತುಬಿಡುತ್ತದೆ, ಸುಲಭವಾಗಿ ಹೊರಗೆ ಬರುವುದಿಲ್ಲ. ಇಲ್ಲಿರುವ ಅಜ್ಜಿಯರಲ್ಲಿ ಕೈಮುಗಿದು ಕೇಳುತ್ತೇನೆ, ನಿಮ್ಮ ಊರಿನಲ್ಲಿ ಯಾರಾದರೂ ಹಾಗೆ ಮಾಡುತ್ತಿದ್ದರೆ ದಯವಿಟ್ಟು ತಡೆಯಿರಿ. ನಿಮ್ಮ ಮಾತನ್ನು ಕೇಳುವಷ್ಟು ನಮ್ಮ ಮಾತನ್ನು ಯಾರೂ ಕೇಳುವುದಿಲ್ಲ.

ನಾನು ತಾಯಿಯರಿಗೆ ಮೊದಲು ಹೇಳುತ್ತಿದ್ದ ಮಾತು, "ಇದು ನಿಮ್ಮಿಂದ ಆದದ್ದಲ್ಲ." ಅನೇಕರು ಅಲ್ಲೇ ಅತ್ತುಬಿಡುತ್ತಿದ್ದರು. ಜೊತೆಗೆ ಬಂದ ಅತ್ತೆಯವರೂ ಆ ಮಾತನ್ನು ಕೇಳಿಸಿಕೊಳ್ಳಲಿ ಎಂದು ಸ್ವಲ್ಪ ಜೋರಾಗಿಯೇ ಹೇಳುತ್ತಿದ್ದೆ.

ಚಿಕಿತ್ಸೆ ಏನು? ಮಾತ್ರೆ, ಇಂಜೆಕ್ಷನ್ ಅಲ್ಲ. ಮೊದಲನೆಯದು ಕೂರಿಸುವ ರೀತಿ. ತಲೆ ಹಿಂದಕ್ಕೆ ವಾಲಿದರೆ ಶ್ವಾಸನಾಳ ತೆರೆದುಕೊಳ್ಳುತ್ತದೆ. ಬೆನ್ನಿಗೆ ಆಸರೆ, ಪಾದಕ್ಕೆ ಆಸರೆ, ಗಲ್ಲ ಸ್ವಲ್ಪ ಕೆಳಗೆ. ಇಷ್ಟು ಮಾಡಿದರೇ ಎಷ್ಟೋ ಮಕ್ಕಳ ಕೆಮ್ಮು ಕಡಿಮೆಯಾಗುತ್ತದೆ. ಬಡಗಿಯಿಂದ ಒಂದು ಕುರ್ಚಿ ಮಾಡಿಸಿ, ಪಕ್ಕಕ್ಕೆ ಟವೆಲ್ ಸುತ್ತಿಟ್ಟರೂ ಸಾಕು.

ಎರಡನೆಯದು ಪಾತ್ರೆ. ಇಲ್ಲಿ ನಮ್ಮ ಹಿರಿಯರ ಜಾಣತನವನ್ನು ನೆನೆಯಬೇಕು. ಮೈಸೂರು ಕಡೆಯ ಒಳಲೆ, ತಮಿಳರ ಪಾಲಾಡೈ, ಇಲ್ಲಿಯ ಗೋಕರ್ಣಂ, ಮೂರೂ ಒಂದೇ. ಉದ್ದ ಮೂತಿಯ ಪುಟ್ಟ ಬಟ್ಟಲು. ಚೀಪಲು ಬಾರದ ಕೂಸಿಗೆ ಎದೆಹಾಲನ್ನು ಹಿಂಡಿ, ಕೂಸನ್ನು ನೆಟ್ಟಗೆ ಹಿಡಿದು, ಇದರಲ್ಲಿ ಗುಟುಕು ಗುಟುಕಾಗಿ ಕೊಡುವುದನ್ನು ಇಂದು ದೊಡ್ಡ ಆಸ್ಪತ್ರೆಗಳ ಐಸಿಯುಗಳಲ್ಲೂ ಮಾಡುತ್ತಾರೆ. ಬಾಟಲಿಗಿಂತ ತೊಳೆಯುವುದು, ಕುದಿಸುವುದು ಸುಲಭ. ಅಂಗುಳ ಸೀಳಿದ ಕೂಸುಗಳೂ ಶಸ್ತ್ರಚಿಕಿತ್ಸೆಯವರೆಗೆ ಇದರ ಮೇಲೆಯೇ ಬೆಳೆಯಬಲ್ಲವು.

ಮೂರನೆಯದು ಹದ. ಕೆಲವು ಮಕ್ಕಳಿಗೆ ನೀರು ನುಂಗುವುದು ಕಷ್ಟ, ಮಂದವಾದದ್ದು ಸುಲಭ. ನೀರು ಬೇಗ ಜಾರುತ್ತದೆ, ಮಂದವಾದದ್ದು ನಿಧಾನಕ್ಕೆ ಇಳಿಯುತ್ತದೆ. ಇದಕ್ಕೆ ಈಗ ಜಗತ್ತಿಗೆಲ್ಲ ಒಂದೇ ಅಳತೆ ಬಂದಿದೆ, ಸೊನ್ನೆಯಿಂದ ಏಳರವರೆಗೆ ಎಂಟು ಮಟ್ಟಗಳು. ನೋಡಲು ಒಂದು 10 ಮಿ.ಲೀ. ಸಿರಿಂಜ್ ಸಾಕು. ಅದರಲ್ಲಿ ಗಂಜಿ ತುಂಬಿ, ಕೆಳಗಿನ ಬೆರಳು ತೆಗೆದು 10 ಸೆಕೆಂಡ್ ಬಿಟ್ಟು, ಎಷ್ಟು ಉಳಿಯಿತು ಎಂದು ನೋಡುವುದು. ಎಲ್ಲ ಇಳಿದುಹೋದರೆ ನೀರಿನ ಹದ. ಎಂಟು ಮಿ.ಲೀ.ಗಿಂತ ಹೆಚ್ಚು ಉಳಿದರೆ ಸಾಕಷ್ಟು ಮಂದ. ವಿದೇಶದ ದುಬಾರಿ ಪುಡಿಗಳ ಬದಲು ರಾಗಿ ಸರಿ, ಇಲ್ಲಿಯವರ ಏತ್ತಕಾಯಿ ಕುರುಕ್ಕು, ನುಣ್ಣಗೆ ಅರೆದ ಅನ್ನ, ಇವುಗಳಲ್ಲೇ ಹದ ಮಾಡುವುದನ್ನು ತಾಯಿಯರಿಗೆ ಕಲಿಸುತ್ತಿದ್ದೆವು. ಒಂದು ಎಚ್ಚರಿಕೆ: ಎಳೆಗೂಸಿನ ಹಾಲನ್ನು ವೈದ್ಯರನ್ನು ಕೇಳದೆ ಯಾರೂ ಮಂದ ಮಾಡಬಾರದು.

ನಾಲ್ಕನೆಯದು ಸಮಯ. ಒಂದು ಊಟಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಹಿಡಿಯುತ್ತಿದ್ದರೆ ಮಗು ತಿಂದದ್ದಕ್ಕಿಂತ ದಣಿದದ್ದೇ ಹೆಚ್ಚು. ಸ್ವಲ್ಪಸ್ವಲ್ಪವಾಗಿ, ಹೆಚ್ಚು ಸಲ ಕೊಡಬೇಕು. ಇಷ್ಟೆಲ್ಲ ಮಾಡಿಯೂ ಕೆಲವರಿಗೆ ಹೊಟ್ಟೆಗೆ ನೇರವಾಗಿ ಟ್ಯೂಬ್ ಹಾಕಿಸಬೇಕಾಗುತ್ತದೆ. ತಾಯಿಯರು ಅದನ್ನು ಸೋಲು ಎಂದುಕೊಳ್ಳುತ್ತಾರೆ. ಸೋಲಲ್ಲ. ಮಗುವಿನ ತೂಕ ಏರಿ, ಬಲ ಬಂದಮೇಲೆ ಬಾಯಿಂದ ತಿನ್ನುವುದನ್ನು ಮತ್ತೆ ಕಲಿಸಬಹುದಾದ ಮಕ್ಕಳು ಎಷ್ಟೋ ಇದ್ದಾರೆ.

ಈಗ ನಮ್ಮ ಸಂಘಕ್ಕೆ ಸಂಬಂಧಪಟ್ಟ ಮಾತಿಗೆ ಬರುತ್ತೇನೆ. ಈ ಚಿಕಿತ್ಸೆಯನ್ನು ನಿಜವಾಗಿ ಮಾಡುವವಳು ತಾಯಿ. ನಾವು ವಾರಕ್ಕೆ ಎರಡು ಸಲ ನೋಡುತ್ತೇವೆ. ಅವಳು ದಿನಕ್ಕೆ ಆರು ಸಲ ತಿನ್ನಿಸುತ್ತಾಳೆ. ಅವಳಿಗೆ ಅರ್ಥವಾಗದಿದ್ದರೆ ನಾವು ಏನು ಮಾಡಿದರೂ ನೀರಿನಲ್ಲಿ ಹೋಮ ಮಾಡಿದ ಹಾಗೆ. ಹೃದಯ ಚಿಕಿತ್ಸೆಗೆ, ನರರೋಗಕ್ಕೆ, ಕ್ಯಾನ್ಸರಿಗೆ ಎಂದು ಶ್ರೀಚಿತ್ರಾ ಸಂಸ್ಥೆಗೆ, ಪ್ರಾದೇಶಿಕ ಕ್ಯಾನ್ಸರ್ ಕೇಂದ್ರಕ್ಕೆ, ಕೊಚ್ಚಿಯ ಆಸ್ಪತ್ರೆಗಳಿಗೆ ಕನ್ನಡದವರು ಬರುತ್ತಲೇ ಇರುತ್ತಾರೆ. ಕಾಸರಗೋಡಿನವರಿಗೆ ಹೇಗೋ ಮಲಯಾಳ ಬರುತ್ತದೆ. ಗಡಿಯಾಚೆಯಿಂದ ಬಂದವರಿಗೆ ಒಂದಕ್ಷರವೂ ಬರುವುದಿಲ್ಲ.

ಒಂದು ಪ್ರಸಂಗ ಹೇಳುತ್ತೇನೆ. ಚಾಮರಾಜನಗರ ಕಡೆಯ ತಾಯಿಯೊಬ್ಬಳು ಎರಡು ವರ್ಷದ ಮಗನನ್ನು ಕರೆದುಕೊಂಡು ಒಂದು ಆಸ್ಪತ್ರೆಗೆ ಬಂದಿದ್ದಳು. ಚೀಟಿ ಬರೆಯುವಲ್ಲಿ ಕೇಳಿದ್ದು, "ಮೋನು ಚುಮ ಉಂಡೋ?" ಮಗನಿಗೆ ಕೆಮ್ಮು ಇದೆಯೇ ಎಂದು ಅರ್ಥ. ಅವಳ ಕಿವಿಗೆ ಬಿದ್ದದ್ದು "ಸುಮ್ಮನೆ ಉಂಡನೋ?" ಎಂದು. ರಚ್ಚೆ ಹಿಡಿಯದೆ ಊಟ ಮಾಡಿದನೇ ಎಂದು ಕೇಳುತ್ತಿದ್ದಾರೆ ಅಂದುಕೊಂಡು ನಿಟ್ಟುಸಿರು ಬಿಟ್ಟು "ಇಲ್ಲ" ಅಂದಳು. ನಮ್ಮ "ಇಲ್ಲ"ವೂ ಅವರ "ಇಲ್ಲ"ವೂ ಒಂದೇ. ಫೈಲಿನಲ್ಲಿ ಕೆಮ್ಮು ಇಲ್ಲ ಎಂದು ಬರೆದಾಯಿತು. ತೂಕ ಏರದ್ದಕ್ಕೆ ಟಾನಿಕ್ ಕೊಟ್ಟರು. ಮೂರು ತಿಂಗಳು ಹಾಗೇ ಹೋಯಿತು. ಯಾರೋ ಅವಳನ್ನು ನನ್ನ ಹತ್ತಿರ ಕಳಿಸಿದರು. "ಊಟ ಮಾಡುವಾಗ ಕೆಮ್ಮುತ್ತಾನಾ, ತಾಯಿ?" ಅಂದೆ. "ಅಯ್ಯೋ ಮೇಡಮ್ನೋರೆ, ಒಂದೊಂದ್ ಗುಟುಕಿಗೂ ಕೆಮ್ತಾನೆ. ರಾತ್ರಿಯೆಲ್ಲ ಎದೆ ಗೊರಗೊರ ಅಂತದೆ. ಅದ್ಕೇ ಅಲ್ವಾ ನಾವು ಬಂದಿರೋದು?" ಅಂದಳು.

ಅಲ್ಲಿ ಯಾರೂ ಕೆಟ್ಟವರಲ್ಲ. ಕೇಳಿದವರು ಸರಿಯಾಗಿಯೇ ಕೇಳಿದರು, ಹೇಳಿದವಳು ನಿಜವನ್ನೇ ಹೇಳಿದಳು. ನಡುವೆ ಒಬ್ಬ ಕನ್ನಡಿಗ ಇರಲಿಲ್ಲ, ಅಷ್ಟೇ. ಆ ಮಗು ಈಗ ಶಾಲೆಗೆ ಹೋಗುತ್ತಿದೆ.

ಎಲ್ಲ ಕಥೆಗಳೂ ಹಾಗೆ ಮುಗಿಯುವುದಿಲ್ಲ. ಇನ್ನೊಂದು ಕೂಸು, ಏಳು ತಿಂಗಳದ್ದು, ಹೃದಯದ ಆಪರೇಷನ್ ಚೆನ್ನಾಗಿಯೇ ಆಗಿತ್ತು. ಅದರ ಖರ್ಚಿಗೆ ಯೋಜನೆ ಇತ್ತು, ದಾನಿಗಳೂ ಇದ್ದರು. ಆದರೆ ಕೂಸಿನ ಧ್ವನಿ ಗೊಗ್ಗರಾಗಿತ್ತು, ಹಾಲು ಶ್ವಾಸನಾಳಕ್ಕೆ ಇಳಿಯುತ್ತಿತ್ತು. ಮೂಗಿನ ಟ್ಯೂಬಿನಲ್ಲಿ ಹಾಲು ಕೊಡುವುದನ್ನು ತಾಯಿಗೆ ಚೆನ್ನಾಗಿ ಕಲಿಸಿ, ನಿಧಾನವಾಗಿ ಬಾಯಿಗೆ ತರಬೇಕಿತ್ತು. ಎರಡು ವಾರ ಊರಿನಲ್ಲೇ ಇರಿ ಎಂದೆ. ತಂದೆ ಗಾರೆ ಕೆಲಸದವನು. ಲಾಡ್ಜಿನ ಬಾಡಿಗೆ ಆಗಲೇ ಸಾಲದಲ್ಲಿ ನಡೆಯುತ್ತಿತ್ತು. "ಆಪರೇಷನ್ ಆಯ್ತಲ್ಲ ಮೇಡಂ, ಹಾಲು ಕುಡಿಸೋದು ಊರಲ್ಲಿ ನೋಡ್ಕೋತೀವಿ" ಎಂದು ಮೂರನೇ ದಿನ ರಾತ್ರಿ ಮಾವೇಲಿ ಎಕ್ಸ್‌ಪ್ರೆಸ್ ಹತ್ತಿದರು. ಊರಿನಲ್ಲಿ ಟ್ಯೂಬ್ ಜಾರಿ ಹೊರಗೆ ಬಂತು. ಮತ್ತೆ ಹಾಕಿಸಲು ಹತ್ತಿರದಲ್ಲಿ ಯಾರೂ ಇರಲಿಲ್ಲ, ಬಾಯಿಂದಲೇ ಕುಡಿಸಿದರು. ಐದು ವಾರದ ಮೇಲೆ ತಂದೆ ಫೋನ್ ಮಾಡಿ ಕೂಸು ಹೋಯಿತು ಎಂದ. ನ್ಯುಮೋನಿಯಾ. ಲಕ್ಷಗಟ್ಟಲೆ ಖರ್ಚು ಮಾಡಿ ಹೃದಯವನ್ನು ರಿಪೇರಿ ಮಾಡಿದ ಕೂಸನ್ನು ಎರಡು ವಾರದ ಲಾಡ್ಜ್ ಬಾಡಿಗೆಗೆ ಕಳೆದುಕೊಂಡೆವು.

ನಾನು ಇಲ್ಲಿ ಹೇಳಬೇಕಾದ್ದು ಇದೊಂದೇ. ಆಪರೇಷನ್‌ಗೆ ಹಣ ಕೊಡುವವರು ಸಿಗುತ್ತಾರೆ. ಅದರ ಫೋಟೋ ಬರುತ್ತದೆ, ರಸೀದಿ ಬರುತ್ತದೆ. ಆದರೆ ಆಪರೇಷನ್ ಆದಮೇಲಿನ ಹದಿನೈದು ದಿನಕ್ಕೆ, ತಿಂಗಳಿಗೊಮ್ಮೆ ಬರುವ ರೈಲು ಖರ್ಚಿಗೆ, ಬೇರಿಯಂ ಪರೀಕ್ಷೆಗೆ, ಆಸರೆ ಕುರ್ಚಿಗೆ ಯಾರೂ ಇಲ್ಲ. ಈ ಸಣ್ಣ ಖರ್ಚುಗಳಿಗೆ ಹಣವಿಲ್ಲದೆಯೇ ಮಕ್ಕಳು ಕೈತಪ್ಪುತ್ತಿದ್ದಾರೆ.

ಕಾಸರಗೋಡಿನ ಎಣ್ಮಕಜೆ, ಪಡ್ರೆ ಕಡೆಯ ಸಂಗತಿ ನಿಮಗೆಲ್ಲ ಗೊತ್ತು. ಅಲ್ಲಿಯ ಗೇರು ತೋಟಗಳ ಮೇಲೆ ವಿಮಾನದಿಂದ ಎಂಡೋಸಲ್ಫಾನ್ ಸಿಂಪಡಿಸುವುದು ನಿಂತದ್ದು 2000ದ ಹೊತ್ತಿಗೆ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿದ್ದು 2017ರಲ್ಲಿ. ಆ ಪಟ್ಟಿಯಲ್ಲಿರುವ ಎಷ್ಟೋ ಮನೆಗಳ ಮಾತು ಕನ್ನಡ, ತುಳು. ಹಾಸಿಗೆ ಬಿಟ್ಟು ಏಳಲಾರದ ಮಕ್ಕಳಿಗೆ ಇಪ್ಪತ್ತು ಮೂವತ್ತು ವರ್ಷದಿಂದ ಬಾಯಿಗೆ ಗಂಜಿ ಹಾಕುತ್ತಿರುವ ತಾಯಂದಿರು ಅಲ್ಲಿದ್ದಾರೆ. ಅವರಿಗೂ ವಯಸ್ಸಾಗಿದೆ. ತಿರುವನಂತಪುರಕ್ಕೆ ಬರಲು ಅವರಿಗೆ 550 ಕಿಲೋಮೀಟರಿಗೂ ಹೆಚ್ಚಿನ ದಾರಿ. ನಾವೇ ಅಲ್ಲಿಗೆ ಹೋಗಿ ಎರಡು ದಿನ ಕೂತು, ಕೂರಿಸುವ ರೀತಿ, ಗಂಜಿಯ ಹದ ತೋರಿಸಿ ಬಂದರೆ ಅವರಿಗೆ ಎಷ್ಟೋ ಹಗುರವಾಗುತ್ತದೆ. ನಾನು ಬರಲು ಸಿದ್ಧ. ಈಗ ನಿವೃತ್ತಳು, ಸಮಯವಿದೆ.

ಸರ್ಕಾರದ ಕಡೆಯಿಂದ ಸಿಗುವುದನ್ನೂ ಬಿಡಬಾರದು. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ ಇರುವವರಿಗೆ ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆ ಇದೆ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ, ಥೆರಪಿಗೂ ಸೇರಿ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದವರೆಗಿನ ಮಕ್ಕಳ ತಪಾಸಣೆ ನಡೆಯುತ್ತಿದೆ. ಚಿಕಿತ್ಸೆಗೆ ಕಳಿಸಲು ಜಿಲ್ಲಾ ಮಟ್ಟದ ಕೇಂದ್ರಗಳಿವೆ. ಅರ್ಜಿ ತುಂಬಿಕೊಡುವವರು ಬೇಕು. ನಮ್ಮಲ್ಲಿ ಬ್ಯಾಂಕಿನಿಂದ, ಏಜೀಸ್ ಆಫೀಸಿನಿಂದ ನಿವೃತ್ತರಾದವರು ಎಷ್ಟು ಜನ ಇಲ್ಲ? ಅರ್ಜಿ ತುಂಬುವುದರಲ್ಲಿ ನಿಮ್ಮನ್ನು ಮೀರಿಸುವವರುಂಟೇ?

ಹಾಗಾಗಿ ಸಮಿತಿಯ ಮುಂದೆ, ದಾನಿಗಳ ಮುಂದೆ ನನ್ನ ಕೋರಿಕೆ ಮೂರು. ಒಂದು, ವೈದ್ಯಕೀಯ ನೆರವು ನಿಧಿಯಲ್ಲಿ ಒಂದು ಭಾಗವನ್ನು ಆಪರೇಷನ್ ನಂತರದ ವಸತಿ ಮತ್ತು ಪ್ರಯಾಣಕ್ಕೆಂದೇ ತೆಗೆದಿಡಿ. ಎರಡು, ತಿರುವನಂತಪುರದಲ್ಲಿ, ಕೊಚ್ಚಿಯಲ್ಲಿ ಆಸ್ಪತ್ರೆಗೆ ಹೋಗಿ ಕನ್ನಡದವರ ಪಕ್ಕದಲ್ಲಿ ನಿಲ್ಲಬಲ್ಲ ಸದಸ್ಯರ ಹೆಸರು ಮತ್ತು ಫೋನ್ ನಂಬರಿನ ಪಟ್ಟಿ ಮಾಡಿ. ವಾರಕ್ಕೆ ಒಂದು ಬೆಳಗ್ಗೆ ಸಾಕು. ಮಲಯಾಳ ಚೆನ್ನಾಗಿ ಬರುವ ನಮ್ಮ ಮಕ್ಕಳು, ಇಲ್ಲೇ ಹುಟ್ಟಿ ಬೆಳೆದವರು, ಇದಕ್ಕೆ ಬಹಳ ಯೋಗ್ಯರು. ಅವರ ಕನ್ನಡವೂ ಉಳಿಯುತ್ತದೆ. ಮೂರು, ನಿಮ್ಮ ಮನೆಯಲ್ಲಿ ಒಂದು ಕೋಣೆ ಖಾಲಿ ಇದ್ದರೆ, ಒಬ್ಬ ತಾಯಿಗೂ ಮಗುವಿಗೂ ಹದಿನೈದು ದಿನ ಕೊಡಲಾದೀತೇ ಎಂದು ಮನೆಯವರ ಜೊತೆ ಮಾತನಾಡಿ ನೋಡಿ.

ಕೊನೆಗೆ ಎಲ್ಲರೂ ನೆನಪಿಡಬೇಕಾದ ಗುರುತುಗಳು: ಊಟದ ಹೊತ್ತಿನಲ್ಲಿ ಕೆಮ್ಮು ಅಥವಾ ಉಸಿರು ಕಟ್ಟುವುದು, ಉಂಡ ಮೇಲೆ ಧ್ವನಿ ಗೊರಗೊರ ಎನ್ನುವುದು, ಮೂಗಿನಲ್ಲಿ ಹಾಲು ಬರುವುದು, ಪದೇ ಪದೇ ನ್ಯುಮೋನಿಯಾ, ತೂಕ ಏರದಿರುವುದು, ಪ್ರತಿ ಊಟಕ್ಕೂ ಅರ್ಧ ಗಂಟೆಗಿಂತ ಹೆಚ್ಚು ಹಿಡಿಯುವುದು. ಇವುಗಳಲ್ಲಿ ಯಾವುದು ಕಂಡರೂ ಹಠ ಎಂದುಕೊಳ್ಳಬೇಡಿ. ಮಕ್ಕಳ ವೈದ್ಯರಿಗೆ ತೋರಿಸಿ, ನುಂಗುವ ಪರೀಕ್ಷೆ ಬೇಕೇ ಎಂದು ನೀವೇ ಬಾಯಿಬಿಟ್ಟು ಕೇಳಿ.

ಆರನೇ ತಿಂಗಳಲ್ಲಿ ನಾವು ಅನ್ನಪ್ರಾಶನ ಮಾಡುತ್ತೇವೆ, ಇಲ್ಲಿಯವರು ಚೋರೂಣು ಮಾಡುತ್ತಾರೆ. ಮಗು ಮೊದಲ ತುತ್ತು ನುಂಗಿದ್ದನ್ನು ಇಡೀ ಬಂಧುಬಳಗ ಕೂಡಿ ಹಬ್ಬ ಮಾಡುವ ಜನ ನಾವು. ಆ ತುತ್ತು ನುಂಗಲಾರದ ಮಗುವಿನ ಮನೆಗೂ ಆ ಬಂಧುಬಳಗ ಹೋಗಲಿ. ಸಭೆಯ ನಂತರ ಖಜಾಂಚಿಯವರು ರಸೀದಿ ಪುಸ್ತಕ ಹಿಡಿದು ಬಾಗಿಲ ಹತ್ತಿರವೇ ಇರುತ್ತಾರೆ. ಆಸ್ಪತ್ರೆಗೆ ಬರಬಲ್ಲವರು ಹೆಸರು ಬರೆಸಲು ನನ್ನ ಹತ್ತಿರ ಬನ್ನಿ, ನಾನು ಕಾಫಿ ಮೇಜಿನ ಪಕ್ಕದಲ್ಲಿ ಕೂತಿರುತ್ತೇನೆ.